ಸೇಲಂ ಮುತ್ತು, ಅನಂತಪುರದ ಬಿಸಿಲು

ಹಿಂದೂಪುರದ ಪೇಟೆಯಲ್ಲಿ ಹುಣಸೆಹಣ್ಣು, ಬೆಲ್ಲ, ಒಣಮೆಣಸಿನಕಾಯಿಗಳ ಘಾಟು ದಾಟಿ ಒಂದು ಕಿರಾಣಿ ಅಂಗಡಿಯ ಮುಂದೆ ನಿಂತೆ. ಬಾಯಿ ತೆರೆದ ಚೀಲದ ತುಂಬ ಸಬ್ಬಕ್ಕಿ. "ಸೇಲಂ ಮಾಲು ಸಾರ್, ಹಬ್ಬ ಬಂದ್ರೆ ನಿಲ್ಲೋದೇ ಇಲ್ಲ" ಎಂದರು ಅಂಗಡಿಯವರು, ನನ್ನ ಕನ್ನಡಕ್ಕೆ ಕನ್ನಡದಲ್ಲೇ.

ಹಿಡಿ ಕಾಳಿನ ಹಿಂದೆ ಎಂಥ ಪಯಣ! ದಕ್ಷಿಣ ಅಮೆರಿಕದ ಮರಗೆಣಸನ್ನು ಕೇರಳದ ಕರಾವಳಿಗೆ ತಂದವರು ಪೋರ್ಚುಗೀಸರು. ಎರಡನೆಯ ಮಹಾಯುದ್ಧದಲ್ಲಿ ಹೊರಗಿನ ಸರಕು ನಿಂತಾಗ ಸೇಲಂ ಸೀಮೆಯವರು ಅದರಿಂದಲೇ ಸಬ್ಬಕ್ಕಿ ಮಾಡತೊಡಗಿದರು. ಗೆಣಸನ್ನು ಸುಲಿದು ಅರೆದು, ಹಾಲು ಸೋಸಿ, ತೊಟ್ಟಿಯಲ್ಲಿ ತಿಳಿಯಲು ಬಿಡುತ್ತಾರೆ. ತಳಕ್ಕಿಳಿದ ಪಿಷ್ಟವನ್ನು ಒದ್ದೆಯಿರುವಾಗಲೇ ಪುಡಿಮಾಡಿ ಅಲುಗಿಸಿದರೆ ಕಾಳು ಕಟ್ಟುತ್ತದೆ. ಅದನ್ನು ಬಿಸಿ ಹಂಚಿನಲ್ಲಿ ಹುರಿದು ಒಣಗಿಸುತ್ತಾರೆ. ಹಸಿ ಗೆಣಸಿನಲ್ಲಿರುವ ಸಯನೈಡ್ ವಿಷವೂ ಬಹುಪಾಲು ಈ ತೊಳೆತದಲ್ಲೇ ಹೋಗಿಬಿಡುತ್ತದೆ.

ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟೆ. ಪಾವಗಡ ತಾಲ್ಲೂಕಿನ ಬಿಸಿಲು ಎಂಥದ್ದೆಂದರೆ, ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕನ್ನೇ ಕಟ್ಟಿದ್ದಾರೆ. ಕಲ್ಯಾಣದುರ್ಗದ ಪರಿಚಿತರ ಮಾಳಿಗೆಯ ಮೇಲೆ ಅದೇ ಬಿಸಿಲಿಗೆ ಬೇರೆ ಕೆಲಸವಿತ್ತು: ಹಳೆಯ ಪಂಚೆಯ ಮೇಲೆ ಸಾಲುಸಾಲು ಸಂಡಿಗೆ. ಮನೆಯ ಅಜ್ಜಿ ಸಬ್ಬಕ್ಕಿ ಬೇಯಿಸಿ, ಹುಳಿ ಮಜ್ಜಿಗೆ, ಜೀರಿಗೆ, ಅರೆದ ಹಸಿಮೆಣಸಿನಕಾಯಿ ಬೆರೆಸಿ ಸೌಟಿನಿಂದ ಇಡುತ್ತಿದ್ದರು. ಬೇಯುವಾಗ ನೀರು ಹೀರಿ ಉಬ್ಬಿದ ಕಾಳು ಗಾಜಿನ ಹಾಗೆ ತಿಳಿಯಾಗುತ್ತದೆ. ಒಣಗಿದ ಸಂಡಿಗೆಯಲ್ಲಿ ಉಳಿದ ಚೂರು ತೇವ ಕಾದ ಎಣ್ಣೆಯಲ್ಲಿ ಆವಿಯಾಗಿ ಪಿಷ್ಟವನ್ನು ಅರಳಿಸುತ್ತದೆ. ಹಿಂದಿನ ವಾರ ಒಣಗಿಸಿದ ಒಂದೆರಡನ್ನು ಅಜ್ಜಿ ಕರಿದು ತೋರಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬಿತು!

ಆದರೆ ನನ್ನನ್ನು ನಿಜಕ್ಕೂ ಬೆರಗಾಗಿಸಿದ್ದು ಅವರ ಸಬ್ಬಕ್ಕಿ ಉಪ್ಪಿಟ್ಟು. ನೂರು ಗ್ರಾಂ ಸಬ್ಬಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಪ್ರೋಟೀನು ಒಂದು ಗ್ರಾಮೂ ಇಲ್ಲ. ಬರೀ ಶಕ್ತಿ. ಆ ಕೊರತೆ ತುಂಬುವುದು ಈ ಮಳೆ ಕಾಣದ ನೆಲದ ಕಡಲೆಕಾಯಿ. ನೂರು ಗ್ರಾಂ ಬೀಜದಲ್ಲಿ 25 ಗ್ರಾಮಿನಷ್ಟು ಪ್ರೋಟೀನು. ಯಾವ ಪುಸ್ತಕವನ್ನೂ ನೋಡದೆ ಈ ಜೋಡಿಯನ್ನು ಕೂಡಿಸಿದ ಅಡುಗೆಮನೆಗಳಿಗೆ ಕೈ ಮುಗಿಯಬೇಕು.

"ನೀರು ಮುಳುಗುವಷ್ಟೇ ಹಾಕಿ ನೆನೆಸಪ್ಪ. ಬೆರಳಲ್ಲಿ ಒತ್ತಿದ್ರೆ ಹಿಸುಕ್ಬೇಕು, ಅಂಟ್ಬಾರ್ದು" ಎನ್ನುತ್ತ ಅಜ್ಜಿ ಹುರಿದ ಕಡಲೆಕಾಯಿ ಪುಡಿ ಸುರಿದರು. ಕಾಳುಗಳು ಒಂದಕ್ಕೊಂದು ಅಂಟದಂತೆ ತಡೆಯುವುದೂ ಆ ಪುಡಿಯೇ. ನನಗೆ ತಟ್ಟೆ ತುಂಬ ಬಡಿಸಿ, ಸಕ್ಕರೆ ಕಾಯಿಲೆಯ ತಾತನಿಗೆ ಮಾತ್ರ ಎರಡೇ ಚಮಚ ಹಾಕಿ, ಮಜ್ಜಿಗೆಯ ಲೋಟ ಮುಂದಿಟ್ಟರು.