ತಕ್ಕಡಿ ಮೆಚ್ಚಿದ ಹೂ, ಭಟ್ಟಿ ಮೆಚ್ಚಿದ ಹೂ

1996ರ ಏಪ್ರಿಲ್‌ನಲ್ಲಿ ಚಿಂತಾಮಣಿ ಕಡೆಯಿಂದ ಹಿಮಾಚಲದ ಪಾಲಂಪುರಕ್ಕೆ ಕೆಲಸಕ್ಕೆಂದು ಹೋದಾಗ ನನಗೆ ಗುಲಾಬಿ ಎಂದರೆ ಹಾರಕ್ಕೆ ಕಟ್ಟುವ ಹೂ. ದಪ್ಪಗಿರಬೇಕು, ಸಂಜೆಯವರೆಗೆ ಬಾಡಬಾರದು, ಅಷ್ಟೇ. ಧೌಲಾಧಾರ್ ಬೆಟ್ಟದ ಬುಡದ ಪಾತಿಗಳಲ್ಲಿ ಆ ಲೆಕ್ಕ ನಡೆಯಲಿಲ್ಲ. ಡಮಾಸ್ಕ್ ಗುಲಾಬಿ, ಬೋರ್ಬನ್ ಗುಲಾಬಿ ಎರಡನ್ನೂ ಬಿಡಿಸಿ, ತೂಗಿ, ಭಟ್ಟಿ ಇಳಿಸಿ, ಬಂದ ಎಣ್ಣೆಯನ್ನು ಪುಸ್ತಕದಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ.

ಬೆಳಕು ಹರಿಯುವ ಮೊದಲೇ ಪಾತಿಗೆ ಇಳಿಯಬೇಕು. ಬಿಸಿಲೇರಿದರೆ ಎಣ್ಣೆ ಗಾಳಿಗೆ ಹೋಗುತ್ತದೆ. ಬಿಡಿಸಿದ ಹೂವನ್ನು ಚೀಲದಲ್ಲಿ ಅಮುಕಿಟ್ಟರೆ ಕಾವು ಹತ್ತಿ ಹುಳಿ ವಾಸನೆ ಬರುತ್ತದೆ. ಅರ್ಧ ಕಿಲೋ ಎಸಳನ್ನು ಗಾಜಿನ ಬುರುಡೆಯಲ್ಲಿ ನೀರಿನೊಂದಿಗೆ ಕುದಿಸಿ ನಾಲ್ಕು ಗಂಟೆ ಕಾದರೆ, ಕೊಳವೆಯ ನೀರಿನ ಮೇಲೆ ತಿಳಿ ಹಳದಿಯ ಒಂದು ಗೆರೆ. ಡಮಾಸ್ಕ್‌ನದು ನಾಲ್ಕೈದು ಹನಿ, ಬೋರ್ಬನ್‌ನದು ಎರಡು. ಒಂದು ಕಿಲೋ ಎಣ್ಣೆಗೆ ಮೂರು ಟನ್‌ಗೂ ಮಿಕ್ಕಿ ಹೂ ಬೇಕೆಂಬುದು ಆ ಗೆರೆ ನೋಡಿದ ಮೇಲೇ ನನಗೆ ಅರ್ಥವಾದದ್ದು.

ಚಳಿಯ ಬೆಳಿಗ್ಗೆ ಶೀಶೆಯೊಳಗೆ ಎಣ್ಣೆಯಲ್ಲಿನ ಮೇಣ ಬಿಳಿ ಸೂಜಿಗಳಾಗಿ ಹೆಪ್ಪುಗಟ್ಟಿರುತ್ತಿತ್ತು. ಮುಷ್ಟಿಯಲ್ಲಿ ಹಿಡಿದರೆ ಕರಗುತ್ತಿತ್ತು. ಆ ಮೇಣಕ್ಕೆ ಸ್ವಂತ ಪರಿಮಳವಿಲ್ಲ, ಪರಿಮಳವನ್ನು ಹಿಡಿದಿಡುವುದು ಮಾತ್ರ ಅದರ ಕೆಲಸ. ಪರಿಮಳ ಸಿಟ್ರೊನೆಲಾಲ್, ಜೆರೇನಿಯಾಲ್‌ಗಳದ್ದು. ಅವುಗಳ ಪ್ರಮಾಣ ಹದವಾಗಿ ಕೂಡಿದರೇ ಒಳ್ಳೆಯ ಎಣ್ಣೆ. ತಾಜಾ ಹೂವಿನ ಘಮದಲ್ಲಿ ದೊಡ್ಡ ಪಾಲಿರುವ ಫಿನೈಲ್ ಇಥೈಲ್ ಆಲ್ಕೋಹಾಲ್ ಬಹುಪಾಲು ನೀರಿಗಿಳಿದು ಪನ್ನೀರಾಗುತ್ತದೆ.

ಆದರೆ ಊರಿನ ರೈತರಿಗೆ ಬೋರ್ಬನ್ನೇ ಇಷ್ಟ. ಡಮಾಸ್ಕ್ ವರ್ಷಕ್ಕೊಮ್ಮೆ, ಹೆಚ್ಚೆಂದರೆ ತಿಂಗಳೊಪ್ಪತ್ತು ಅರಳಿ ಮುಗಿಯುತ್ತದೆ. ಬೋರ್ಬನ್ ಮತ್ತೆ ಮತ್ತೆ ಬಿಡುತ್ತದೆ, ಮಂಕರಿ ತುಂಬುತ್ತದೆ. ಹೂ ಕೊಳ್ಳುವವನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುವಾಗ ರೈತ ಇನ್ನೇನು ನೋಡಬೇಕು? "ಬಾಬೂಜಿ, ನಿಮ್ಮ ಹನಿಯನ್ನು ಯಾವ ತಕ್ಕಡಿಯಲ್ಲಿ ತೂಗಲಿ?" ಎಂದು ಒಬ್ಬ ಹಿರಿಯರು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರದು ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ.

ಮುಂದೆ ಪಾಲಂಪುರದ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆ ಡಮಾಸ್ಕ್‌ನಲ್ಲೇ 'ಜ್ವಾಲಾ', 'ಹಿಮ್‌ರೋಜ್' ಎಂಬ ತಳಿಗಳನ್ನು ಕೊಟ್ಟಿತು. ಮೊದಲನೆಯದು ತಗ್ಗಿನ ಬೆಚ್ಚನೆಯ ನೆಲಕ್ಕೆ, ಎರಡನೆಯದು ಮೇಲಿನ ಚಳಿ ನೆಲಕ್ಕೆ. ಮಂಗಗಳ ಕಾಟಕ್ಕೆ ಮೆಕ್ಕೆಜೋಳ ಬಿಟ್ಟವರಿಗೂ ಮುಳ್ಳಿನ ಗಿಡ ಹಿಡಿಸಿತು. ಆದರೂ ರೈತರ ಮನಸ್ಸು ತಿರುಗಿಸಿದ್ದು ತಳಿಯಲ್ಲ, ಊರೊಳಗೇ ಬಂದು ಕೂತ ಹಬೆಯ ಭಟ್ಟಿ. ಹೂ ಮಾರುತ್ತಿದ್ದವರು ಎಣ್ಣೆ ಮಾರಲು ಶುರುಮಾಡಿದರು. ಹನಿಗೂ ತಕ್ಕಡಿ ಸಿಕ್ಕಿತು.

ವರ್ಷಗಳ ನಂತರ ಅದೇ ಹಿರಿಯರ ಹೊಲಕ್ಕೆ ಹೋದೆ. ಬೋರ್ಬನ್ ಸಾಲುಗಳೆಲ್ಲ ಹೋಗಿದ್ದವು. ಬಾಗಿಲ ಬಳಿ ಒಂದೇ ಗಿಡ ಉಳಿದಿತ್ತು. ದೇವರಿಗೆ ಹೂ ತಪ್ಪಬಾರದೆಂದು ಅವರ ಮನೆಯವರು ಅದನ್ನು ಕೀಳಗೊಟ್ಟಿರಲಿಲ್ಲ.