ಖಂಬಾಟಕಿ ಘಾಟಿನಲ್ಲಿ 45ರ ವೇಗ

ಪುಣೆಗೆ ಬಂದು 13 ವರ್ಷವಾಯಿತು. ಕಾತ್ರಜ್ ದಾಟಿ ಸಾತಾರಾ ಕಡೆಗೆ ಹೋಗುವ ಹೆದ್ದಾರಿ ಇಲ್ಲಿನ ಕನ್ನಡಿಗರಿಗೆಲ್ಲ ಊರಿನ ದಾರಿ. ಆದರೆ ನಾನು ಅದನ್ನು ನೋಡಿದ್ದೆಲ್ಲ ರಾತ್ರಿ, ಸ್ಲೀಪರ್ ಬಸ್ಸಿನ ಪರದೆಯ ಸಂದಿಯಿಂದ. ಖಂಬಾಟಕಿ ಘಾಟ್ ಎಂದರೆ ಊಟ ಮಾಡಿ ಮಲಗಿದ ಮೇಲೆ ಹೊಟ್ಟೆ ತೊಳಸುವ ಒಂದಷ್ಟು ತಿರುವುಗಳು, ಅಷ್ಟೇ. ಈ ಚಳಿಗಾಲದಲ್ಲಿ ಮೂರು ಭಾನುವಾರ ಅದೇ ರಸ್ತೆಯಲ್ಲಿ ಹಗಲು ಹೊತ್ತು ವಾಯಿಯವರೆಗೆ ಹೋಗಿ ಬಂದೆ. ವೇಗ ಗಂಟೆಗೆ 45 ಕಿಲೋಮೀಟರ್ ಮೀರಬಾರದು. ಕಬ್ಬಿನ ಟ್ರ್ಯಾಕ್ಟರುಗಳನ್ನು ಬಿಟ್ಟರೆ ಎಲ್ಲರೂ ನನ್ನನ್ನು ಹಿಂದೆ ಹಾಕಿದರು.

ಕಾರಣ ಅಪ್ಪನ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲೇ ತಯಾರಾದ, 1986ರ ರೋಡ್‌ಕಿಂಗ್. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮ ಗಾಡಿ 2004ರವರೆಗೆ ಓಡಿತು. ಆಮೇಲೆ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತು. ಅಪ್ಪ-ಅಮ್ಮ ಹಳೇ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವಾಗ ಗುಜರಿಗೆ ಹಾಕುವುದೆಂದು ತೀರ್ಮಾನವಾಗಿತ್ತು. ನಾನು ಹಟ ಹಿಡಿದು ರೈಲ್ವೆ ಪಾರ್ಸೆಲ್‌ನಲ್ಲಿ ಪುಣೆಗೆ ತರಿಸಿಕೊಂಡೆ.

ನಾನಾ ಪೇಠೆಯ ಮೆಕ್ಯಾನಿಕ್ ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿದ. ಪಿಸ್ಟನ್ ಪಕ್ಕದಲ್ಲಿ ಉದ್ದುದ್ದ ಗೀರು, ಬೆಕ್ಕು ಪರಚಿದ ಹಾಗೆ. "ಎಣ್ಣೆ ಸಿಗದೆ ಸತ್ತಿದೆ ಸಾಬ್," ಎಂದ. ಎಷ್ಟೋ ಸಲ ಬೋರ್ ಮಾಡಿಸಿದ ಸಿಲಿಂಡರ್ ಅದು. "ಇನ್ನೊಂದೇ ಬೋರ್ ಆಗುತ್ತೆ, ಇದೇ ಕೊನೆ. ಮತ್ತೆ ಹಿಡಿದರೆ ಒಳಗೆ ಸ್ಲೀವ್ ಹಾಕಬೇಕು, ಇಲ್ಲಾ ಬೇರೆ ಸಿಲಿಂಡರ್ ಹುಡುಕಬೇಕು. ಮೊದಲ 500 ಕಿಲೋಮೀಟರ್ ಮಗುವಿನ ಥರ ನೋಡ್ಕೊಳ್ಳಿ."

ಮಗುವಿನ ಥರ ಎಂದರೆ ತೀರಾ ಮುದ್ದು ಮಾಡುವುದೂ ಅಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ಬೋರ್ ಮಾಡಿದ ಸಿಲಿಂಡರಿನ ಒಳಗೋಡೆಗೆ ಹೋನಿಂಗ್ ಮಾಡಿ ಅಡ್ಡಡ್ಡ ಸಣ್ಣ ಗೆರೆಗಳನ್ನು ಎಳೆದಿರುತ್ತಾರೆ. ಆ ಒರಟಿಗೆ ಉಜ್ಜಿಕೊಂಡೇ ಹೊಸ ರಿಂಗು ಗೋಡೆಗೆ ಸರಿಯಾಗಿ ಕೂರಬೇಕು. ಒಳಗಿನ ಅನಿಲದ ಒತ್ತಡವೇ ರಿಂಗನ್ನು ಗೋಡೆಗೆ ಒತ್ತುವುದು. ಹೀಗಾಗಿ ಬರೀ ಮೆತ್ತಗೆ ಓಡಿಸಿದರೆ ರಿಂಗು ಕೂರುವ ಮೊದಲೇ ಗೋಡೆ ನುಣುಪಾಗಿಬಿಡುತ್ತದೆ. ಜೋರಾಗಿ ಓಡಿಸಿದರೆ ಕಾದು ಹಿಡಿದುಕೊಳ್ಳುತ್ತದೆ. ಸ್ವಲ್ಪ ಥ್ರಾಟಲ್ ಕೊಡಬೇಕು, ಬಿಡಬೇಕು, ಮತ್ತೆ ಕೊಡಬೇಕು. ಆಗಾಗ ನಿಲ್ಲಿಸಿ ತಣ್ಣಗಾಗಲು ಬಿಡಬೇಕು. ಟು-ಸ್ಟ್ರೋಕ್ ಆದ್ದರಿಂದ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಬೇಕು, ಲೀಟರಿಗೆ 40 ಮಿ.ಲೀ. ನಾನು ಔಷಧಿಯ ಅಳತೆ ಮುಚ್ಚಳದಲ್ಲಿ ಅಳೆದು ಹಾಕುತ್ತಿದ್ದೆ. ಹೆಂಡತಿ ನೋಡಿ ನಕ್ಕಳು.

ಈ ಎಣ್ಣೆಯ ವಿಷಯದಲ್ಲಿ ನನಗೆ ಅಷ್ಟು ಭಯ ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

2004ರಲ್ಲಿ ನಾನು ಪಿಯುಸಿ. ಒಂದು ಭಾನುವಾರ ಅಪ್ಪನ ಹಿಂದೆ ಕೂತು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಇಳಿಯುವಾಗ ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡು ಗಾಡಿ ಅಡ್ಡಡ್ಡ ಜಾರಿತು. ಅಪ್ಪ ಕ್ಲಚ್ ಹಿಡಿದರು, ಬದುಕಿದೆವು. ತಪ್ಪು ತಮ್ಮದೇ ಎಂದು ಅವರು ಎಲ್ಲರ ಹತ್ತಿರವೂ ಹೇಳಿಕೊಂಡರು. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದೆ, ಚಕ್ರ ಇಂಜಿನ್ನನ್ನು ತಿರುಗಿಸುತ್ತಿತ್ತು, ಪೆಟ್ರೋಲು ಹೋಗದಿದ್ದರೆ ಎಣ್ಣೆ ಎಲ್ಲಿಂದ ಹೋಗಬೇಕು, ಎಂದು. ಅದು ನಿಜವೇ. ಟು-ಸ್ಟ್ರೋಕ್ ಗಾಡಿಗಳು ಇಳಿಜಾರಿನಲ್ಲಿ ಹೀಗೆ ಸೀಜ್ ಆಗುವುದುಂಟು. ಅಪ್ಪ ಆಮೇಲೆ ಯಾವ ಬೈಕನ್ನೂ ಓಡಿಸಲಿಲ್ಲ. ಆದರೆ ಹಿಂದಿನ ಸಂಜೆ ಪೆಟ್ರೋಲ್ ಹಾಕಿಸಲು ಬಂಕಿಗೆ ಹೋದವನು ನಾನು. ಎಣ್ಣೆ ಅರ್ಧ ಹಾಕಿದರೆ ಸಾಕೆಂದು ಹೇಳಿ, ಉಳಿಸಿದ 10 ರೂಪಾಯಿಯನ್ನು ಸೈಬರ್ ಸೆಂಟರಿನಲ್ಲಿ ಖರ್ಚು ಮಾಡಿದ್ದೆ.

ಗಾಡಿ ಸತ್ತದ್ದು ಇಳಿಜಾರಿನಿಂದಲೋ 10 ರೂಪಾಯಿಯಿಂದಲೋ ಎಂದು ಮೆಕ್ಯಾನಿಕ್‌ಗೆ ಕೇಳಿದೆ, ಸುಮ್ಮನೆ ಕುತೂಹಲಕ್ಕೆ ಎನ್ನುವ ಹಾಗೆ. "ಗೀರು ಎರಡಕ್ಕೂ ಒಂದೇ ಥರ ಬೀಳುತ್ತೆ," ಎಂದ.

ಹೀಗೆ ಮೊದಲ ಭಾನುವಾರ ಹೊರಟೆ. 45ರ ವೇಗದಲ್ಲಿ ಎಲ್ಲ ಕಾಣುತ್ತದೆ. ಸಾರೋಳೆಯ ಹತ್ತಿರ ನೀರಾ ನದಿಯ ಸೇತುವೆ. ದಾಟಿದರೆ ಸಾತಾರಾ ಜಿಲ್ಲೆ, ಶಿರವಳ. ಆಮೇಲೆ ಖಂಡಾಲಾ. ಲೋಣಾವಳದ ಪಕ್ಕದ್ದಲ್ಲ, ಹೆಸರು ಅದೇ, ಸದ್ದುಗದ್ದಲವಿಲ್ಲದ ಊರು. ಅಲ್ಲಿ ಚಹಾ ಕುಡಿದು, ಇಂಜಿನ್ನಿನ ರೆಕ್ಕೆಗಳ ಮೇಲೆ ಕೈ ಸುಳಿಸಿ ಬಿಸಿ ನೋಡಿ, ಘಾಟ್ ಹತ್ತಿದೆ. ನಾನು ಹೋದದ್ದು ಘಾಟಿನ ರಸ್ತೆಯಲ್ಲಿ, ಬಂದದ್ದು ಸುರಂಗದಲ್ಲಿ. ಎರಡನೇ ಗೇರು, ಬೋಳು ಗುಡ್ಡ, ಒಣಹುಲ್ಲು, ಹಿಂದೆ ಲಾರಿಗಳ ಹಾರ್ನು. ಮೇಲೆ ನಿಂತು ನೋಡಿದರೆ ನಾನು ಇಷ್ಟು ವರ್ಷ ನಿದ್ದೆಗಣ್ಣಲ್ಲಿ ದಾಟಿದ ಕಣಿವೆ ಇಡೀ ಬಿಸಿಲಲ್ಲಿ ಬಿದ್ದುಕೊಂಡಿತ್ತು.

ವಾಯಿಯಲ್ಲಿ ಕೃಷ್ಣಾ ನದಿಯ ಘಾಟಿನ ಮೆಟ್ಟಿಲ ಮೇಲೆ, ಢೋಲ್ಯಾ ಗಣಪತಿ ಗುಡಿಯ ಪಕ್ಕ, ಗಾಡಿ ತಣ್ಣಗಾಗಲೆಂದು ಒಂದು ಗಂಟೆ ಕೂತೆ. ಮಹಾಬಳೇಶ್ವರದಿಂದ ಇಳಿದ ಈ ಸಣ್ಣ ನೀರೇ ಮುಂದೆ ನಮ್ಮ ಆಲಮಟ್ಟಿಯಲ್ಲಿ ಸಮುದ್ರದಂತೆ ನಿಲ್ಲುವುದು. ಕಾವೇರಿ ನೀರು ಕುಡಿದು ಬೆಳೆದ ನನಗೂ ಪರಿಚಯದವರನ್ನು ಕಂಡ ಹಾಗಾಯಿತು.

ವಾಪಸು ಬರುವಾಗಲೇ ಪರೀಕ್ಷೆ. ಸುರಂಗ ದಾಟಿದ ಕೂಡಲೇ ಇಳಿಜಾರು, ಎಸ್ ಆಕಾರದ ಕುಖ್ಯಾತ ತಿರುವು. ಅಪ್ಪ ಹಿಂದಿನ ರಾತ್ರಿ ಫೋನಿನಲ್ಲಿ, "ಇಳಿಜಾರಿನಲ್ಲಿ ನನ್ನ ಹಾಗೆ ಮಾಡಬೇಡಪ್ಪ," ಎಂದಿದ್ದರು. ಕೆಲವು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಥ್ರಾಟಲ್ ತಿರುಗಿಸುತ್ತಾ, ಎಡಗೈ ಬೆರಳನ್ನು ಕ್ಲಚ್ ಮೇಲಿಂದ ತೆಗೆಯದೆ ಇಳಿದೆ. ಕೈ ಬೆವರಿ ಗ್ಲೌಸ್ ಒದ್ದೆಯಾಗಿತ್ತು. ಪಕ್ಕದಲ್ಲಿ ಹೋದ ಹುಡುಗರು ನಾನು ಶೋಕಿಗೆ ರೇಸ್ ಮಾಡುತ್ತಿದ್ದೇನೆಂದುಕೊಂಡು ಹೆಬ್ಬೆರಳು ತೋರಿಸಿದರು.

ಮೂರನೇ ಭಾನುವಾರಕ್ಕೆ 500 ದಾಟಿತು. ಬೋರ್ ಮಾಡಿಸಿದ ದಿನ ಕಂಪ್ರೆಷನ್ 95 ಪಿಎಸ್‌ಐ ಬಂದಿತ್ತು. ಈಗ ನಾನೇ ಒಂದು ಗೇಜ್ ಕೊಂಡು, ಇಂಜಿನ್ ಬಿಸಿ ಇರುವಾಗಲೇ ಪ್ಲಗ್ ಬಿಚ್ಚಿ ಅದರ ಜಾಗಕ್ಕೆ ತಿರುಗಿಸಿದೆ. ಗೇರ್ ಲಿವರನ್ನೇ ಒಳಗೊತ್ತಿ ಹಿಂದಕ್ಕೆ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುವ ಯೆಜ್ಡಿಯ ಚಮತ್ಕಾರ ನಿಮಗೆ ನೆನಪಿರಬಹುದು. ಆರು ಕಿಕ್ ಹೊಡೆದೆ. ಮುಳ್ಳು 60ರಲ್ಲಿ ನಿಂತಿತು. ಎದೆ ಧಸಕ್ಕೆಂದಿತು. ಪಾರ್ಕಿಂಗಿನ ನೆಲದ ಮೇಲೆ ಹತ್ತು ನಿಮಿಷ ಕೂತುಬಿಟ್ಟೆ. ಆಮೇಲೆ ಹೊಳೆಯಿತು: ಥ್ರಾಟಲ್ ಮುಚ್ಚಿತ್ತು! ಗಾಳಿಯೇ ಒಳಗೆ ಹೋಗದಿದ್ದರೆ ಒತ್ತುವುದೇನನ್ನು? ಪೂರ್ತಿ ತೆರೆದು ಹಿಡಿದು ಮತ್ತೆ ಹೊಡೆದೆ. 80, 100, 110. 115ಕ್ಕೆ ನಿಂತಿತು. ಮತ್ತೆರಡು ಸಲ ನೋಡಿದೆ, ಅದೇ 115. ಪ್ಲಗ್ ಚಾಕೊಲೇಟ್ ಬಣ್ಣ.

ಅಪ್ಪನಿಗೆ ವೀಡಿಯೊ ಕಾಲ್ ಮಾಡಿ ಗೇಜ್ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಪರವಾಗಿಲ್ಲವೇ! ಹೆಡ್ ನಟ್ ಮತ್ತೊಮ್ಮೆ ಬಿಗಿ ಮಾಡಿಸಿದೆಯಾ?" ಎಂದರು. ಮಾಡಿಸಿದ್ದೇನೆ ಎಂದೆ. 10 ರೂಪಾಯಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು ಊಟ ಆಯಿತಾ ಎಂದಳು.

ಈ ಪತ್ರಿಕೆಯ ಪ್ರತಿ ಸಂಚಿಕೆಯನ್ನೂ ಅಪ್ಪನಿಗೆ ಕಳಿಸುತ್ತೇನೆ. ಅವರು ಮೊದಲ ಪುಟದಿಂದ ಕೊನೆಯವರೆಗೂ ಓದುತ್ತಾರೆ. ಈ ಸಲದ್ದನ್ನೂ ಕಳಿಸುತ್ತೇನೆ.