ಹಾಡಿಲ್ಲದ ಚಿತ್ರವನ್ನು ಅರಸಿ

ತೊಂಬತ್ತರ ನಮ್ಮ ತಂದೆಯವರಿಗೆ, ಮದರಾಸಿಗೆ ಬಂದ ಹೊಸದರಲ್ಲಿ ನೋಡಿದ್ದ ‘ಅಂದ ನಾಳ್’ ಚಿತ್ರವನ್ನು ಇನ್ನೊಮ್ಮೆ ನೋಡುವಾಸೆ. ಕಣ್ಣು ಮಂಜಾಗುತ್ತಿತ್ತು, ತಡಮಾಡುವಂತಿರಲಿಲ್ಲ.

ವೀಣೆಯ ಎಸ್. ಬಾಲಚಂದರ್ 1954ರಲ್ಲಿ ಎ.ವಿ.ಎಂ. ಸಂಸ್ಥೆಗಾಗಿ ನಿರ್ದೇಶಿಸಿದ ಈ ತಮಿಳು ಪತ್ತೇದಾರಿ ಚಿತ್ರದಲ್ಲಿ ಹಾಡಿಲ್ಲ, ಕುಣಿತವಿಲ್ಲ. 1943ರಲ್ಲಿ ಮದರಾಸಿನ ಮೇಲೆ ಜಪಾನೀಯರ ಬಾಂಬು ಬಿದ್ದ ದಿನಗಳಲ್ಲಿ ಒಂದು ಕೊಲೆ. ಒಬ್ಬೊಬ್ಬರದು ಒಂದೊಂದು ಹೇಳಿಕೆ. ಸತ್ತವನ ಪಾತ್ರ ಶಿವಾಜಿ ಗಣೇಶನ್ ಅವರದು.

ತಂದೆಯವರ ಕೈಹಿಡಿದು ಅಣ್ಣಾ ಸಾಲೈಗೆ ಹೋದೆ. ಅವರ ಮೆಚ್ಚಿನ ಸಫೈರ್ ಎಂದೋ ನೆಲಸಮವಾಗಿದೆ. ಉಳಿದ ಚಿತ್ರಮಂದಿರಗಳಲ್ಲೆಲ್ಲ ಹೊಸ ಚಿತ್ರಗಳೇ. ಕಡೆಗೆ ಅಂತರ್ಜಾಲದಲ್ಲಿ ಸಿಕ್ಕಿತು. ಮೊಮ್ಮಗ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಚ್ಚಿದ.

ತಂದೆಯವರು ಮಾತುಗಳನ್ನು ಕೇಳಿಯೇ ಕಥೆ ಹಿಡಿದರು. “ಕೊಂದವರು ಯಾರು, ತಾತ?” ಎಂದ ಮೊಮ್ಮಗ.

“ಸುಮ್ಮನೆ ನೋಡೋ!” ಎಂದು ನಕ್ಕರು.

ವಾಚಕರೇ, ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.